ಕ್ಲೀವ್‌ಡನ್ ಪಿಯರ್: ಮುರಿದು ಬಿದ್ದದ್ದು ಉಳಿಯಿತು, ನಿಂತೇ ಇದ್ದದ್ದು ಹೋಯಿತು. ಕಾರಣವೇನು?

ಗಂಗೊಳ್ಳಿ ಅಳಿವೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಕುಂದಾಪುರದ ಕಡೆಯವಳು. ಕೆಲಸದ ನಿಮಿತ್ತ ಇಂಗ್ಲೆಂಡಿನ ಬ್ರಿಸ್ಟಲ್ ನಗರಕ್ಕೆ ಬಂದು ನಾಲ್ಕು ವರ್ಷಗಳಾದವು. ಇಲ್ಲಿಗೆ ಸಮೀಪದಲ್ಲಿಯೇ, ಸೆವರ್ನ್ ನದಿಯ ಅಳಿವೆಯ ದಂಡೆಯ ಮೇಲೆ, ಕ್ಲೀವ್‌ಡನ್ ಎಂಬ ಸಣ್ಣ ಊರಿದೆ. ಆ ಊರಿನ ದಡದಿಂದ ಸಾವಿರ ಅಡಿಗೂ ಹೆಚ್ಚು ದೂರ ನೀರಿನೊಳಕ್ಕೆ ಚಾಚಿಕೊಂಡಿರುವ, ವಿಕ್ಟೋರಿಯಾ ರಾಣಿಯ ಕಾಲದ ಕಬ್ಬಿಣದ ಪಿಯರನ್ನು ನೋಡಲು ಕಳೆದ ತಿಂಗಳು ಎರಡು ಸಲ ಹೋಗಿದ್ದೆ.

ಮೊದಲ ಸಲ ಹೋದಾಗ ನೀರು ಪೂರ್ತಿ ಇಳಿದಿತ್ತು. ದಂಡೆಯ ಉರುಟುಕಲ್ಲುಗಳ ಮೇಲೆ ಜಾರುತ್ತ ದಡದ ಹತ್ತಿರದ ಕಂಬವೊಂದರ ಬುಡದವರೆಗೆ ನಡೆದುಹೋಗಿ ಕೈಯಿಟ್ಟು ನೋಡಿದೆ. ಅಷ್ಟು ದೊಡ್ಡ ರಚನೆಯನ್ನು ಹೊತ್ತ ಕಂಬ ನನ್ನ ಎರಡು ಕೈಗಳ ಅಪ್ಪುಗೆಯೊಳಗೆ ಆರಾಮವಾಗಿ ಬರುವಷ್ಟು ಸಣ್ಣದು. ಮೈಮೇಲೆ ಉದ್ದಕ್ಕೂ ಅಡಿಕೆಯಷ್ಟು ದಪ್ಪದ ರಿವೆಟ್ ತಲೆಗಳು, ಬುಡದಲ್ಲಿ ಕಡಲಪಾಚಿ ಮತ್ತು ಸುಣ್ಣದಂತಹ ಚಿಪ್ಪುಗಳು. ವಿಚಿತ್ರವೆಂದರೆ, ಸದಾ ನೀರಿನಲ್ಲಿ ನೆನೆಯುವ ಬುಡಕ್ಕಿಂತ ತಲೆಯೆತ್ತಿ ನೋಡಬೇಕಾದಷ್ಟು ಮೇಲಿನ ಭಾಗದಲ್ಲಿಯೇ ತುಕ್ಕಿನ ಗೆರೆಗಳು ಹೆಚ್ಚು ಕಂಡವು. ಎರಡನೆಯ ಸಲ ಹೋದಾಗ ಉಬ್ಬರದ ಸಮಯ. ನಾನು ನಿಂತು ಕೈಯಿಟ್ಟಿದ್ದ ಜಾಗ ಆಳವಾದ ಕಂದುನೀರಿನ ಕೆಳಗೆ ಎಲ್ಲಿತ್ತೆಂದು ಹೇಳಲಿಕ್ಕೂ ಆಗುತ್ತಿರಲಿಲ್ಲ. ನಮ್ಮ ಗಂಗೊಳ್ಳಿಯ ಅಳಿವೆಯಲ್ಲಿ ನೀರು ಏರಿಳಿಯುವುದನ್ನು ನೋಡುತ್ತ ಬೆಳೆದವಳಿಗೂ ಇದು ಹೊಸ ನೋಟ.

ಪಿಯರಿನ ಬಾಗಿಲಲ್ಲಿ ಟಿಕೆಟ್ ಕೊಟ್ಟವರು, 1970ರಲ್ಲಿ ಇದರ ಎರಡು ಅಂಕಣಗಳು (ಒಂದು ಸಾಲು ಕಂಬಗಳಿಂದ ಮುಂದಿನ ಸಾಲಿನವರೆಗಿನ ಭಾಗಗಳು) ಸಮುದ್ರಕ್ಕೆ ಮುರಿದು ಬಿದ್ದವೆಂದೂ ಬಳಿಕ ಸುಮಾರು ಇಪ್ಪತ್ತು ವರ್ಷ ಇದು ಮುಚ್ಚಿಯೇ ಇತ್ತೆಂದೂ ಹೇಳಿದರು. ಇದಕ್ಕೂ ಮೊದಲು ನಾನು ಬ್ರೈಟನ್ನಿನಲ್ಲಿ ಸಮುದ್ರದ ನಡುವೆ ನಿಂತ ವೆಸ್ಟ್ ಪಿಯರಿನ ಅಸ್ಥಿಪಂಜರವನ್ನು ನೋಡಿದ್ದೆ. ಅದೂ ಇಲ್ಲಿನ ಸರ್ಕಾರದ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿನ ಒಂದನೇ ದರ್ಜೆಯದಾಗಿತ್ತಂತೆ, ಇದೂ ಒಂದನೇ ದರ್ಜೆಯದು. ಹಾಗಾದರೆ ನಡುವೆ ಮುರಿದು ಬಿದ್ದದ್ದು ಹೇಗೆ ಉಳಿಯಿತು, ದೊಡ್ಡ ಊರಿನಲ್ಲಿ ಇಡಿಯಾಗಿ ನಿಂತಿದ್ದದ್ದು ಹೇಗೆ ಹಾಳಾಯಿತು ಎಂಬುದು ನನ್ನ ಮುಖ್ಯ ಪ್ರಶ್ನೆ. ಅಷ್ಟು ಸಣ್ಣ ಕಂಬಗಳು ಆ ಉಬ್ಬರದ ಸೆಳೆತವನ್ನು ತಡೆದುಕೊಳ್ಳುವ ಬಗೆಯನ್ನೂ ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಇನ್ನೊಂದು ಸಣ್ಣ ಸಂದೇಹ: ಪಿಯರ್ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ನಮ್ಮಲ್ಲಿ ದೋಣಿ ತಂದು ಕಟ್ಟುವ ಜಾಗಕ್ಕೆ ದಕ್ಕೆ ಎನ್ನುತ್ತೇವೆ. ಆದರೆ ಮೀನಿನ ಬುಟ್ಟಿಯಾಗಲಿ ಮಂಜುಗಡ್ಡೆಯ ಲಾರಿಯಾಗಲಿ ಇಲ್ಲದ, ಜನ ಸುಮ್ಮನೆ ಗಾಳಿಗೆ ನಡೆಯಲೆಂದೇ ಹೋಗುವ ಈ ರಚನೆಯನ್ನು ದಕ್ಕೆ ಎನ್ನಲು ಮನಸ್ಸು ಒಪ್ಪುತ್ತಿಲ್ಲ.


ಹಳೇ ರೈಲುಹಳಿ (ಉತ್ತರ):

ನಮಸ್ಕಾರ ಮೇಡಂ. ನಾನು ಹುಬ್ಬಳ್ಳಿಯವನು, ರೈಲ್ವೆಯ ಸೇತುವೆ ವಿಭಾಗದಲ್ಲಿ ದುಡಿದು ನಿವೃತ್ತನಾಗಿದ್ದೇನೆ. ಮಗಳ ಮನೆಗೆ ಬಂದಿದ್ದಾಗ ಒಮ್ಮೆ ಈ ಪಿಯರನ್ನು ಅರ್ಧ ದಿನ ಕಣ್ತುಂಬ ನೋಡಿದ್ದೇನೆ. ಜೊತೆಗೆ ಬಂದವರು ಬೇಸತ್ತು ಹೋಟೆಲಿನಲ್ಲಿ ಕುಳಿತಿದ್ದರು ಎಂಬುದನ್ನೂ ಒಪ್ಪಿಕೊಳ್ಳಬೇಕು.

ನೀವು ಕೈಯಿಟ್ಟು ನೋಡಿದ ಆ ಕಂಬ ಮೂಲತಃ ರೈಲುಹಳಿ. 1849ರಲ್ಲಿ ವಿಲಿಯಂ ಹೆನ್ರಿ ಬಾರ್ಲೋ ಎಂಬ ಎಂಜಿನಿಯರ್ ಒಂದು ಹೊಸ ಮಾದರಿಯ ಹಳಿಗೆ ಪೇಟೆಂಟ್ ಪಡೆದರು. ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ನಿಲ್ದಾಣದ ದೊಡ್ಡ ಕಮಾನು ಛಾವಣಿಯನ್ನು ವಿನ್ಯಾಸ ಮಾಡಿದವರೂ ಇವರೇ. ಮಾಡಿನ ನೆತ್ತಿಯ ಮೇಲೆ ಕವುಚಿ ಕೂರಿಸುವ ಹೆಂಚಿನಂತೆ ಎರಡೂ ಬದಿಗೆ ಅಗಲವಾಗಿ ಇಳಿದ ಆಕಾರ ಅದರದು. ಅಡಿಯಲ್ಲಿ ಸ್ಲೀಪರ್, ಅಂದರೆ ಹಳಿ ಹೊರುವ ಮರದ ಅಡ್ಡದಿಮ್ಮಿ, ಹಾಕದೆ ನೇರವಾಗಿ ಜಲ್ಲಿಯ ಮೇಲೆಯೇ ಕೂರಿಸಿದರೆ ಮರದ ಖರ್ಚು ಉಳಿಯುತ್ತದೆ ಎಂಬುದು ಲೆಕ್ಕಾಚಾರವಾಗಿತ್ತು. ಆ ಕಾಲದ ಹೆಸರಾಂತ ಎಂಜಿನಿಯರ್ ಬ್ರೂನೆಲ್ ಅವರ ಸೌತ್ ವೇಲ್ಸ್ ರೈಲ್ವೆಯವರು ಅದನ್ನು ಹಾಕಿದರು. ಆದರೆ ಅಡ್ಡ ಹಿಡಿತವಿಲ್ಲದ ಹಳಿಗಳು ರೈಲು ಓಡಿದಂತೆಲ್ಲ ಒಂದರಿಂದ ಒಂದು ದೂರ ಸರಿಯತೊಡಗಿದವು. ಹಳಿಗಳ ನಡುವಿನ ಅಂತರವೇ ನಿಲ್ಲದಿದ್ದರೆ ರೈಲು ನಿಲ್ಲುವುದು ನೆಲದ ಮೇಲೆಯೇ. ಹಾಗಾಗಿ ಕೆಲವೇ ವರ್ಷಗಳಲ್ಲಿ ಅವನ್ನು ಕಿತ್ತು ಬೇರೆ ಹಳಿ ಹಾಕಬೇಕಾಯಿತು.

ಕಿತ್ತ ಹಳಿ ಗುಜರಿಗೆ ಹೋಗುವ ಹೊತ್ತಿನಲ್ಲಿ ಕ್ಲೀವ್‌ಡನ್ ಪಿಯರಿನ ಎಂಜಿನಿಯರುಗಳಾದ ಜಾನ್ ವಿಲಿಯಂ ಗ್ರೋವರ್ ಮತ್ತು ರಿಚರ್ಡ್ ವಾರ್ಡ್ ಅದರಲ್ಲಿ ಬೇರೆಯೇ ಗುಣವನ್ನು ಕಂಡರು. ಅದು ಮೆದುಕಬ್ಬಿಣ, ಎರಕದ ಕಬ್ಬಿಣದಂತೆ ಪೆಟ್ಟಿಗೆ ಒಡೆಯುವ ಜಾತಿಯದಲ್ಲ. ಅಗಲವಾದ ಅದರ ಆಕಾರದಿಂದಾಗಿ ಎರಡೆರಡನ್ನು ಜೋಡಿಸಿ ರಿವೆಟ್ ಹೊಡೆದರೆ, ತೂಕಕ್ಕೆ ಹೋಲಿಸಿದಾಗ ಬಹಳ ಬಿಗುವಾದ ಕಂಬ ಸಿಗುತ್ತದೆ. ಕೆಲಸ 1867ರಲ್ಲಿ ಆರಂಭವಾಗಿ, 1869ರ ಮಾರ್ಚ್ 29ರಂದು, ಈಸ್ಟರ್ ಹಬ್ಬದ ಮರುದಿನ, ಪಿಯರ್ ಜನರಿಗೆ ತೆರೆಯಿತು. ಉದ್ದ 1,024 ಅಡಿ, ನೂರು ನೂರು ಅಡಿಗಳ ಎಂಟು ಅಂಕಣ, ಬಳಸಿದ ಕಬ್ಬಿಣ 370 ಟನ್, ಖರ್ಚು ಸುಮಾರು 10,000 ಪೌಂಡ್. ಇಷ್ಟು ಉದ್ದಕ್ಕೆ ಇಷ್ಟೇ ಕಬ್ಬಿಣ ಎಂಬ ಅಂಕಿಯನ್ನು ನೋಡಿದರೆ ನನ್ನಂತಹವನಿಗೆ ಇಂದಿಗೂ ಸಣ್ಣ ಅಸೂಯೆಯಾಗುತ್ತದೆ.

ಕಂಬ ಸಣ್ಣದಾಗಿರುವುದೇ ಅದರ ರಕ್ಷಣೆ. ಅಳಿವೆಯ ಬಾಯಿ ಅಗಲವಾಗಿ, ಒಳಗೆ ಹೋದಂತೆಲ್ಲ ಲಾಳಿಕೆಯ ಹಾಗೆ ಕಿರಿದಾಗುವುದರಿಂದ ಅಟ್ಲಾಂಟಿಕ್ ಸಾಗರದಿಂದ ನುಗ್ಗುವ ಉಬ್ಬರಕ್ಕೆ ಹರಡಿಕೊಳ್ಳಲು ಜಾಗವಿಲ್ಲದೆ ಅದು ಮೇಲಕ್ಕೇ ಏರುತ್ತದೆ. ದೊಡ್ಡ ಉಬ್ಬರದ ದಿನಗಳಲ್ಲಿ ಕ್ಲೀವ್‌ಡನ್ನಿನ ಏರಿಳಿತ 14 ಮೀಟರಿನವರೆಗೆ ಹೋಗುತ್ತದೆ. ಮಂಗಳೂರಿನ ದಂಡೆಯಲ್ಲಿ ಈ ಅಂತರ ಎರಡು ಮೀಟರಿನೊಳಗೇ ಮುಗಿಯುತ್ತದೆ ಎಂದರೆ ನಿಮಗೆ ವ್ಯತ್ಯಾಸ ತಿಳಿಯುತ್ತದೆ. ಅಷ್ಟು ನೀರು ದಿನಕ್ಕೆ ಎರಡು ಬಾರಿ ಬಂದು ಎರಡು ಬಾರಿ ಹೋಗುವಾಗ ಅದಕ್ಕೆ ಅಡ್ಡವಾಗಿ ದಪ್ಪ ಕಂಬಗಳನ್ನು ನಿಲ್ಲಿಸಿದರೆ ಪ್ರತಿಯೊಂದೂ ಆ ಸೆಳೆತದ ಹೊರೆಯನ್ನು ಹೊರಬೇಕು. ಸಪೂರ ಕಂಬಗಳ ನಡುವೆ ನೀರು ತನ್ನ ಪಾಡಿಗೆ ತಾನು ಹೋಗುತ್ತದೆ.

ನಿಮ್ಮ ದಕ್ಕೆಯ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ಕ್ಲೀವ್‌ಡನ್ ಪಿಯರ್ ಹುಟ್ಟಿನಲ್ಲಿ ಅಪ್ಪಟ ದಕ್ಕೆಯೇ. ಊರಿಗೆ 1847ರಲ್ಲಿಯೇ ರೈಲು ಬಂದಿತ್ತು. ರೈಲಿನಲ್ಲಿ ಬಂದವರನ್ನು ಸ್ಟೀಮರ್ ಹತ್ತಿಸಿ ಎದುರು ದಂಡೆಯ ವೇಲ್ಸಿಗೆ ದಾಟಿಸುವುದೇ ಸ್ಥಳೀಯ ಜಮೀನ್ದಾರ ಮನೆತನದ ಸರ್ ಆರ್ಥರ್ ಎಲ್ಟನ್ ಮೊದಲಾದವರ ಉದ್ದೇಶವಾಗಿತ್ತು. ನೀರು ಎಷ್ಟೇ ಇಳಿದರೂ ಸ್ಟೀಮರಿಗೆ ಆಳ ಸಿಗಬೇಕಾದರೆ ಅಷ್ಟು ದೂರ ಹೋಗಲೇಬೇಕಿತ್ತು. ಆದರೆ 1886ರಲ್ಲಿ ಸೆವರ್ನ್ ನದಿಯ ಅಡಿಯಿಂದ ರೈಲು ಸುರಂಗ ತೆರೆಯಿತು. ಆಮೇಲೆ ದೋಣಿ ಹತ್ತಿ ದಾಟುವ ಅಗತ್ಯವೇ ಉಳಿಯಲಿಲ್ಲ. 1891ರಲ್ಲಿ ಪಿಯರ್ ಊರಿನ ಸ್ಥಳೀಯ ಆಡಳಿತದ ಕೈಗೆ ಬಂತು. ತುದಿಯ ಭಾಗವನ್ನು ಹೊಸದಾಗಿ ಕಟ್ಟಿ 1894ರಲ್ಲಿ ಅಲ್ಲೊಂದು ಚೆಂದದ ಮಂಟಪ ಎಬ್ಬಿಸಿದರು. ಅಲ್ಲಿಂದ ಮುಂದೆ ವಿಹಾರದ ಸ್ಟೀಮರುಗಳು, ಗಾಳಿಸೇವನೆ, ಗಾಳ ಹಾಕುವವರು. ಹಾಗಾಗಿ ನೀವು ಧೈರ್ಯವಾಗಿ ದಕ್ಕೆ ಎನ್ನಬಹುದು. ಕೆಲಸ ಕಳೆದುಕೊಂಡ ದಕ್ಕೆ ಎಂದರೆ ಇನ್ನೂ ಸರಿ.

1970ರ ಘಟನೆಯ ಬಗ್ಗೆ ಒಂದು ಮಾತು. ಅದು ಬಿರುಗಾಳಿಯಿಂದ ಆದದ್ದಲ್ಲ, ಹಡಗು ಬಡಿದೂ ಆದದ್ದಲ್ಲ. ವಿಮೆಯ ಸಲುವಾಗಿ ಪ್ರತಿ ಅಂಕಣದ ಮೇಲೆ ಚದರ ಅಡಿಗೆ 50 ಪೌಂಡಿನಂತೆ ಭಾರ ಹೇರಿ ಪರೀಕ್ಷೆ ನಡೆಸುತ್ತಿದ್ದರು. ಭಾರಕ್ಕಾಗಿ ಪ್ಲಾಸ್ಟಿಕ್ ತೊಟ್ಟಿಗಳಲ್ಲಿ ನೀರು ತುಂಬುತ್ತಿದ್ದರು. ಈ ಲೆಕ್ಕಕ್ಕೆ ಸುಮಾರು ಒಂದು ಗೇಣು ಎತ್ತರದ ನೀರು ಸಾಕು. ದಡದ ಕಡೆಯ ಅಂಕಣಗಳು ತಾಳಿದವು. ಅಕ್ಟೋಬರ್ 17ರಂದು ಏಳನೆಯ ಅಂಕಣದ ಸರದಿ ಬಂದಾಗ ಅದು ಕುಸಿಯಿತು. ಜೊತೆಗೆ ಎಂಟನೆಯದನ್ನೂ ಎಳೆದುಕೊಂಡು ಹೋಯಿತು. ತುದಿಯ ಮಂಟಪ ಮಾತ್ರ ದ್ವೀಪದಂತೆ ಸಮುದ್ರದಲ್ಲಿ ಉಳಿಯಿತು. ನನ್ನ ವೃತ್ತಿಯ ಅನುಭವದಿಂದ ಒಂದನ್ನು ಸೇರಿಸುತ್ತೇನೆ: ನೀರನ್ನು ಪರೀಕ್ಷೆಯ ಭಾರವಾಗಿ ಬಳಸುವಾಗ ಎಚ್ಚರ ಬೇಕು. ಮರಳಿನ ಚೀಲ ಇಟ್ಟಲ್ಲಿಯೇ ಇರುತ್ತದೆ. ನೀರಾದರೆ ತೊಲೆ ಸ್ವಲ್ಪ ಬಾಗಿದೊಡನೆ ಬಾಗಿದ ಕಡೆಗೇ ಹರಿದು ಸೇರಿಕೊಂಡು ಸೋತವನ ಬೆನ್ನನ್ನೇ ಇನ್ನಷ್ಟು ಅದುಮುತ್ತದೆ.


ಬೆಣಚುಕಲ್ಲಿನ ದಂಡೆ (ಉತ್ತರ):

ನಾನು ಬ್ರೈಟನ್ನಿನಲ್ಲಿ ಇಪ್ಪತ್ತೈದು ವರ್ಷಗಳಿಂದ ಇದ್ದೇನೆ. ವೆಸ್ಟ್ ಪಿಯರ್ ಹೊತ್ತಿ ಉರಿದದ್ದನ್ನು ದಂಡೆಯಲ್ಲಿ ನಿಂತು ಕಣ್ಣಾರೆ ಕಂಡವರಲ್ಲಿ ನಾನೂ ಒಬ್ಬ. ಆದ್ದರಿಂದ ಪ್ರಶ್ನೆಯ ಎರಡನೆಯ ಭಾಗಕ್ಕೆ ಉತ್ತರಿಸಲು ಪ್ರಯತ್ನಿಸುತ್ತೇನೆ.

ಮೊದಲನೆಯದಾಗಿ ಇವೆರಡೂ ಒಂದೇ ಜಾತಿಯ ಪಿಯರುಗಳಲ್ಲ. ವೆಸ್ಟ್ ಪಿಯರನ್ನು ವಿನ್ಯಾಸ ಮಾಡಿದವರು ಯೂಜೀನಿಯಸ್ ಬರ್ಚ್; ಆ ಕಾಲದ ಪಿಯರ್ ಎಂಜಿನಿಯರುಗಳಲ್ಲಿ ಅವರದು ಮೊದಲ ಹೆಸರು. ತಿರುಪಿನ ಮೊಳೆಯಂತೆ ಸಮುದ್ರದ ತಳಕ್ಕೆ ತಿರುಗಿಸಿ ಇಳಿಸುವ ಕಬ್ಬಿಣದ ಕಂಬವನ್ನು ಐರ್ಲೆಂಡಿನ ಅಲೆಕ್ಸಾಂಡರ್ ಮಿಚೆಲ್ ಎಂಬ ಎಂಜಿನಿಯರ್, ಅದೂ ಕಣ್ಣು ಕಾಣದವರು, ರೂಪಿಸಿದ್ದರು. ಅದನ್ನು ಬರ್ಚ್ ಮಾರ್ಗೇಟ್ ಊರಿನ ಪಿಯರಿಗೆ ಬಳಸಿ ಯಶಸ್ವಿಯಾದ ಮೇಲೆ ಊರೂರಿನವರೂ ಅವರನ್ನು ಕರೆಯತೊಡಗಿದರು. ಬ್ರೈಟನ್ನಿನ ಪಿಯರ್ 1866ರ ಅಕ್ಟೋಬರಿನಲ್ಲಿ ತೆರೆಯಿತು. ಇದು ದೋಣಿಗಾಗಿ ಕಟ್ಟಿದ್ದಕ್ಕಿಂತ ನಡೆಯುವ ಜನರಿಗಾಗಿ ಕಟ್ಟಿದ್ದು. ಹಡಗು ಹತ್ತದೆ, ವಾಂತಿ ಮಾಡಿಕೊಳ್ಳದೆ, ಸಮುದ್ರದ ಮೇಲೆ ಇದ್ದೇನೆ ಎಂಬ ಸಂತೋಷವನ್ನು ಟಿಕೆಟಿಗೆ ಮಾರುವ ವ್ಯವಸ್ಥೆ. ಹಾವುಗಳು ಹೆಣೆದುಕೊಂಡ ಎರಕದ ದೀಪಸ್ತಂಭಗಳು ಅದರ ಹೆಗ್ಗುರುತು. 1893ರಲ್ಲಿ ತುದಿಯನ್ನು ಅಗಲಿಸಿ ದೊಡ್ಡ ಮಂಟಪ ಕಟ್ಟಿದರು, ಅದು ರಂಗಮಂದಿರವಾಯಿತು. 1916ರಲ್ಲಿ ನಡುಭಾಗದಲ್ಲಿ ಸಂಗೀತ ಸಭಾಂಗಣ ಬಂತು. ಹೀಗೆ ಸಪೂರವಾಗಿದ್ದ ಕಬ್ಬಿಣದ ಕಾಲುಗಳ ಮೇಲೆ ಮರ, ಗಾಜು, ಪರದೆ, ಕುರ್ಚಿ ಎಂದು ಒಂದು ಪೇಟೆಯೇ ಏರಿ ಕುಳಿತಿತು.

ಜನ ಬರುವವರೆಗೆ ಇದೆಲ್ಲ ಚೆನ್ನಾಗಿಯೇ ನಡೆಯಿತು. ಎರಡನೆಯ ಮಹಾಯುದ್ಧದ ಬಳಿಕ, ಅದರಲ್ಲಿಯೂ ಇಂಗ್ಲೆಂಡಿನ ಜನ ವಿಮಾನ ಹತ್ತಿ ಬಿಸಿಲಿನ ದೇಶಗಳಿಗೆ ರಜೆಗೆ ಹೋಗಲು ತೊಡಗಿದ ಮೇಲೆ, ವರಮಾನ ಇಳಿಯಿತು, ದುರಸ್ತಿಯೂ ನಿಂತಿತು. 1970ರಲ್ಲಿ ಸಮುದ್ರದ ಕಡೆಯ ಭಾಗವನ್ನು, 1975ರಲ್ಲಿ ಇಡೀ ಪಿಯರನ್ನು ಮುಚ್ಚಿದರು. 1982ರಲ್ಲಿ ಇದಕ್ಕೆ ಒಂದನೇ ದರ್ಜೆ ಸಿಕ್ಕಿತು. ದೇಶದಲ್ಲಿ ಆ ದರ್ಜೆ ಪಡೆದ ಮೊದಲ ಪಿಯರ್ ಇದೇ. ಮರುವರ್ಷ ಇದನ್ನು ಉಳಿಸಲೆಂದು ರಚನೆಯಾದ ಟ್ರಸ್ಟ್ ಇದನ್ನು 100 ಪೌಂಡಿಗೆ ಕೊಂಡಿತು. ಬೆಲೆ ನೂರು ಪೌಂಡ್ ಎಂದರೆ ಹೊಣೆ ಎಷ್ಟಿತ್ತೆಂದು ಊಹಿಸಿಕೊಳ್ಳಿ. 1987ರ ಮಹಾ ಬಿರುಗಾಳಿ ಇನ್ನಷ್ಟು ಜಖಂ ಮಾಡಿತು. 1998ರಲ್ಲಿ ರಾಷ್ಟ್ರೀಯ ಲಾಟರಿಯ ಹಣದಿಂದ ಪರಂಪರೆಯ ಕೆಲಸಗಳಿಗೆ ಅನುದಾನ ಕೊಡುವ ಲಾಟರಿ ನಿಧಿಯಿಂದ 1 ಕೋಟಿ 42 ಲಕ್ಷ ಪೌಂಡ್ ಮಂಜೂರಾದಾಗ ಊರಿನಲ್ಲಿ ಎಲ್ಲರಿಗೂ ಇನ್ನು ಉಳಿಯಿತು ಎಂದೇ ಅನ್ನಿಸಿತ್ತು.

ಹಣ ಮಂಜೂರಾಗುವುದಕ್ಕೂ ಕೆಲಸ ನಡೆಯುವುದಕ್ಕೂ ನಡುವಿನ ಅಂತರದಲ್ಲಿಯೇ ಪಿಯರ್ ಹೋಯಿತು. ಉಳಿದ ಹಣಕ್ಕೆ ವ್ಯಾಪಾರಿ ಪಾಲುದಾರರು ಬೇಕಾಗಿದ್ದರು; ಸಾರ್ವಜನಿಕ ಹಣದಲ್ಲಿ ಪ್ರತಿಸ್ಪರ್ಧಿಯನ್ನು ಬೆಳೆಸುವುದು ಅನ್ಯಾಯ ಎಂದು ನೆರೆಯ ಪಿಯರಿನವರು ತಕರಾರು ತೆಗೆದರು; ವರ್ಷಗಳು ಉರುಳಿದವು. 2002ರ ಡಿಸೆಂಬರಿನಲ್ಲಿ ಸಂಗೀತ ಸಭಾಂಗಣದ ಭಾಗ ಕುಸಿಯಿತು. 2003ರ ಮಾರ್ಚ್ 28ರಂದು ತುದಿಯ ರಂಗಮಂದಿರಕ್ಕೆ ಬೆಂಕಿ ಬಿತ್ತು. ದಡದಿಂದ ಹೋಗುವ ದಾರಿಯೇ ಮುರಿದಿದ್ದುದರಿಂದ ಅಗ್ನಿಶಾಮಕ ದಳದವರಿಗೂ ಹತ್ತಿರ ಹೋಗಲು ಆಗಲಿಲ್ಲ. ನಾವು ದಂಡೆಯ ಬೆಣಚುಕಲ್ಲುಗಳ ಮೇಲೆ ಸಾಲಾಗಿ ನಿಂತಿದ್ದೆವು. ಸುತ್ತಲೂ ಇಷ್ಟು ನೀರಿರುವಾಗ ಒಂದು ಬಿಂದಿಗೆಯಷ್ಟನ್ನೂ ಅದರ ಮೇಲೆ ಹಾಕಲಾಗಲಿಲ್ಲವಲ್ಲ ಎಂದು ಪಕ್ಕದಲ್ಲಿದ್ದ ವೃದ್ಧೆಯೊಬ್ಬರು ಅಳುತ್ತಿದ್ದರು. ಮೇ ತಿಂಗಳಲ್ಲಿ ಮತ್ತೊಮ್ಮೆ ಬೆಂಕಿ ಬಿತ್ತು. ಯಾರೋ ಬೇಕೆಂದೇ ಹಚ್ಚಿದ್ದು ಎಂಬ ಅನುಮಾನ ಇಂದಿಗೂ ಇದೆ. 2004ರಲ್ಲಿ ಲಾಟರಿ ನಿಧಿ ಹಿಂದೆ ಸರಿಯಿತು. ಇನ್ನು ದುರಸ್ತಿ ಸಾಧ್ಯವಿಲ್ಲ ಎಂದು ಪಾರಂಪರಿಕ ಕಟ್ಟಡಗಳನ್ನು ನೋಡಿಕೊಳ್ಳುತ್ತಿದ್ದ ಸರ್ಕಾರಿ ಸಂಸ್ಥೆ ಇಂಗ್ಲಿಷ್ ಹೆರಿಟೇಜ್ ಕೂಡ ಕೈಚೆಲ್ಲಿತು. ಈಗ ನೀವು ನೋಡಿದ ಪಂಜರದ ಮೇಲೆ ಚಳಿಗಾಲದ ಸಂಜೆ ಸಾವಿರಾರು ಸ್ಟಾರ್ಲಿಂಗ್ ಹಕ್ಕಿಗಳು ಮೋಡದಂತೆ ತಿರುಗಿ ಬಂದು ಇಳಿಯುತ್ತವೆ. ಅದನ್ನು ನೋಡಲು ಬರುವವರಿಗೆ ಟಿಕೆಟ್ ಇಲ್ಲ.

ಕ್ಲೀವ್‌ಡನ್ನಿನ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. 1970ರಲ್ಲಿ ಮುರಿಯಿತು. 1972ರಲ್ಲಿ ಊರಿನವರು ಪಿಯರನ್ನು ಉಳಿಸಲೆಂದು ಟ್ರಸ್ಟ್ ಕಟ್ಟಿಕೊಂಡರು. 1979ರಲ್ಲಿ ಸ್ಥಳೀಯ ಆಡಳಿತ ಅದನ್ನು ಕೆಡವಲು ಅನುಮತಿ ಕೇಳಿತು. 1980ರಲ್ಲಿ ಸಾರ್ವಜನಿಕ ವಿಚಾರಣೆ ನಡೆಯಿತು. ಇಂಗ್ಲೆಂಡಿನ ಅತಿ ಚೆಲುವಾದ ಪಿಯರ್ ಇದೇ ಎನ್ನುತ್ತಿದ್ದ ಆಸ್ಥಾನಕವಿ ಸರ್ ಜಾನ್ ಬೆಟ್ಜಮನ್ ಅದರ ಪರವಾಗಿ ದನಿಯೆತ್ತಿದರು. ಅವರು 1979ರಲ್ಲಿಯೇ ಸ್ಥಾಪನೆಯಾದ ರಾಷ್ಟ್ರೀಯ ಪಿಯರ್ ಸಂಘದ ಮೊದಲ ಅಧ್ಯಕ್ಷರೂ ಹೌದು. ಕೆಡವಲು ಅನುಮತಿ ಸಿಗಲಿಲ್ಲ. ಬಳಿಕ ಇಂಗ್ಲಿಷ್ ಹೆರಿಟೇಜ್ ಮತ್ತು ರಾಷ್ಟ್ರೀಯ ಪರಂಪರೆಯ ಸ್ಮಾರಕ ನಿಧಿಗಳ ಅನುದಾನ ಬಂತು, 1985ರಲ್ಲಿ ಇಡೀ ಪಿಯರನ್ನು ಬಿಚ್ಚಿ ಹತ್ತಿರದ ಪೋರ್ಟ್‌ಬರಿ ಬಂದರಿಗೆ ಸಾಗಿಸಿ ದುರಸ್ತಿ ಮಾಡಿದರು. 1989ರ ಮೇ 27ರಂದು ಮತ್ತೆ ತೆರೆಯಿತು. ತುದಿಯ ಮಂಟಪದ ಕೆಲಸ ಮುಗಿದದ್ದು 1998ರಲ್ಲಿ. ಒಂದನೇ ದರ್ಜೆ ಸಿಕ್ಕಿದ್ದು 2001ರಲ್ಲಿ.

ಕೊನೆಯ ಇಸವಿಯನ್ನು ಗಮನಿಸಿ. ಬ್ರೈಟನ್ನಿಗೆ ದರ್ಜೆ ಮೊದಲು ಬಂತು, ದುರಸ್ತಿ ಬರಲೇ ಇಲ್ಲ. ಕ್ಲೀವ್‌ಡನ್ನಿಗೆ ದುರಸ್ತಿ ಮೊದಲು, ಒಂದನೇ ದರ್ಜೆ ಆಮೇಲೆ. ಪಟ್ಟಿಯಲ್ಲಿ ಸೇರಿಸುವುದರಿಂದ ಕೆಡವಲು ಬರುವವರ ಕೈ ಕಟ್ಟಬಹುದೇ ಹೊರತು ತುಕ್ಕಿನ ಕೈ ಕಟ್ಟಲಾಗುವುದಿಲ್ಲ. ಇನ್ನೊಂದು ನನ್ನ ಅನಿಸಿಕೆ: ಕ್ಲೀವ್‌ಡನ್ ಮುರಿದು ಬಿದ್ದದ್ದೇ ಅದಕ್ಕೆ ಒಳ್ಳೆಯದಾಯಿತು. ಮುರಿದದ್ದನ್ನು ಕಟ್ಟಬೇಕೇ ತೆಗೆಯಬೇಕೇ ಎಂದು ಯಾರಾದರೂ ತೀರ್ಮಾನಿಸಲೇಬೇಕು. ನಮ್ಮದು ಇಡಿಯಾಗಿ ನಿಂತೇ ಕೊಳೆಯುತ್ತಿದ್ದುದರಿಂದ ತೀರ್ಮಾನವನ್ನು ಮುಂದಿನ ವರ್ಷಕ್ಕೆ ತಳ್ಳಲು ಎಲ್ಲರಿಗೂ ಅನುಕೂಲವಾಗಿತ್ತು.


ಆಯವ್ಯಯ (ಉತ್ತರ):

ಬೆಣಚುಕಲ್ಲಿನವರ ಬರಹ ಮನಮುಟ್ಟುವಂತಿದೆ. ಆದರೂ ಎರಡು ತಕರಾರುಗಳನ್ನು ಮುಂದಿಡುತ್ತೇನೆ. ಲೆಕ್ಕಪತ್ರ ನೋಡುವುದು ನನ್ನ ವೃತ್ತಿಯಾದ್ದರಿಂದ ಕ್ಷಮೆಯಿರಲಿ.

ಒಂದು, ಕಟ್ಟಿದ ಮೇಲೆ ನಡೆಸುವವರು ಯಾರು? ಹೇಸ್ಟಿಂಗ್ಸ್ ಊರಿನ ಪಿಯರನ್ನು ನೋಡಿ. ಅದೂ ಬರ್ಚ್ ಅವರದೇ, 1872ರದು. 2010ರ ಅಕ್ಟೋಬರಿನಲ್ಲಿ ಬೆಂಕಿಗೆ ಬಹುಪಾಲು ಸುಟ್ಟುಹೋಯಿತು. ಊರಿನ ಸಾವಿರಾರು ಜನ ಷೇರು ಕೊಂಡರು, ಲಾಟರಿ ನಿಧಿ ಕೋಟಿಗಟ್ಟಲೆ ಪೌಂಡ್ ಕೊಟ್ಟಿತು, 2016ರಲ್ಲಿ ಹೊಸ ರೂಪದಲ್ಲಿ ತೆರೆಯಿತು. 2017ರಲ್ಲಿ ಬ್ರಿಟನ್ನಿನ ಅತ್ಯುತ್ತಮ ಕಟ್ಟಡಕ್ಕೆ ಕೊಡುವ ಸ್ಟರ್ಲಿಂಗ್ ಪ್ರಶಸ್ತಿಯೂ ಬಂತು. ಪ್ರಶಸ್ತಿ ಬಂದ ಮರುತಿಂಗಳೇ ನಡೆಸುತ್ತಿದ್ದ ಸಂಸ್ಥೆ ಸಾಲ ತೀರಿಸಲಾಗದೆ ಆಡಳಿತಾಧಿಕಾರಿಗಳ ಕೈಗೆ ಹೋಯಿತು. 2018ರಲ್ಲಿ ಪಿಯರ್ ಖಾಸಗಿಯವರಿಗೆ ಮಾರಾಟವಾಯಿತು. ಷೇರು ಕೊಂಡ ಆ ಜನರ ಮುಖ ನೆನೆಯಿರಿ.

ಎರಡು, ಬಿಚ್ಚಿ ಬಂದರಿಗೆ ಒಯ್ದು, ಕೆಟ್ಟ ಭಾಗ ತೆಗೆದು, ಹೊಸ ಭಾಗ ಸೇರಿಸಿ ಮತ್ತೆ ನಿಲ್ಲಿಸಿದ್ದನ್ನು 1869ರ ಪಿಯರ್ ಎನ್ನಬಹುದೇ? ನಮ್ಮ ಕರಾವಳಿಯಲ್ಲಿ ದೇವಸ್ಥಾನಗಳ ಜೀರ್ಣೋದ್ಧಾರ ನಡೆಯುವುದನ್ನು ಬಲ್ಲವರಿಗೆ ಈ ಪ್ರಶ್ನೆ ಹೊಸತಲ್ಲ. ಹಳೆಯ ಮರದ ಕೆತ್ತನೆ, ಮುರಕಲ್ಲಿನ ಗೋಡೆ ಎಲ್ಲವನ್ನೂ ತೆಗೆದು ಹೊಸದಾಗಿ ಶಿಲಾಮಯ ಗುಡಿ ಕಟ್ಟಿ, ಬ್ರಹ್ಮಕಲಶ ಮಾಡಿ, ಫಲಕದಲ್ಲಿ ಮಾತ್ರ ಸಾವಿರ ವರ್ಷದ ಇತಿಹಾಸವುಳ್ಳದ್ದು ಎಂದು ಬರೆಸುತ್ತೇವೆ. ಕ್ಲೀವ್‌ಡನ್ನಿನವರು ಮಾಡಿದ್ದು ಅದಕ್ಕಿಂತ ಬೇರೆ ಹೇಗೆ?


ಹಳೇ ರೈಲುಹಳಿ (ಉತ್ತರ):

ಆಯವ್ಯಯದವರ ಮೊದಲ ತಕರಾರಿಗೆ ನನ್ನ ಬಳಿ ಪೂರ್ಣ ಉತ್ತರವಿಲ್ಲ. ಕ್ಲೀವ್‌ಡನ್ನಿನಲ್ಲಿ ಖರ್ಚಿನ ಗಾತ್ರವೇ ಚಿಕ್ಕದು ಎಂದಷ್ಟೇ ಹೇಳಬಲ್ಲೆ. ತುದಿಯಲ್ಲೊಂದು ಮಂಟಪ, ದಡದಲ್ಲೊಂದು ಟಿಕೆಟ್ ಮನೆ. ನಡುವೆ ಕಬ್ಬಿಣ, ಹಲಗೆ, ಗಾಳಿ. ಬೆಂಕಿಗೆ ಆಹಾರ ಕಡಿಮೆ, ಬಣ್ಣ ಬಳಿಯುವವನಿಗೆ ದಾರಿ ನೇರ. ಪ್ರವೇಶದ ಹಣ, ಬೆಂಚು ಹಲಗೆಗಳಿಗೆ ಹೆಸರಿನ ಹಿತ್ತಾಳೆ ಫಲಕ ಹಾಕಿಸುವವರ ಕಾಣಿಕೆ, ಮದುವೆಗೆ ಬಾಡಿಗೆ, ವರ್ಷಕ್ಕೆ ಕೆಲವು ಸಲ ಬರುವ ವೇವರ್ಲಿ ಎಂಬ ಹಳೆಯ ಪ್ಯಾಡಲ್ ಸ್ಟೀಮರಿನ ಪ್ರಯಾಣಿಕರು, ಇಂತಹ ಸಣ್ಣ ಸಣ್ಣ ಒರತೆಗಳಿಂದ ಅದರ ಕೊಡ ತುಂಬುತ್ತಿದೆ.

ಎರಡನೆಯದಕ್ಕೆ ನಾನು ಒಪ್ಪುವುದಿಲ್ಲ. ನೀವು ಹೇಳುವ ಜೀರ್ಣೋದ್ಧಾರದಲ್ಲಿ ಹಳೆಯ ವಸ್ತು ಹೊರಗೆ ಹೋಗುತ್ತದೆ. ಇಲ್ಲಿ ಬಾರ್ಲೋ ಹಳಿಗಳನ್ನು ಉಳಿಸಿಕೊಳ್ಳುವುದಕ್ಕಾಗಿಯೇ ಬಿಚ್ಚಿದ್ದು. ಅದಕ್ಕೆ ಕಾರಣ ಜೋಡಣೆಯಲ್ಲಿಯೇ ಇದೆ. ಎರಡು ಹಳಿಗಳನ್ನು ಸೇರಿಸಿ ರಿವೆಟ್ ಹೊಡೆದಾಗ ಅವುಗಳ ನಡುವೆ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಉಪ್ಪುನೀರು ಅದರೊಳಗೆ ಸೇರಿತೆಂದರೆ ಒಣಗುವುದಿಲ್ಲ. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಹಲವು ಪಟ್ಟು ಹಿಗ್ಗುತ್ತದೆ. ಆ ಹಿಗ್ಗು ಬೆಣೆ ಹೊಡೆದಂತೆ ಹಳಿಗಳನ್ನು ಒಳಗಿನಿಂದ ಅಗಲಿಸಿ ರಿವೆಟಿನ ಕುತ್ತಿಗೆಯನ್ನೇ ಕತ್ತರಿಸುತ್ತದೆ. ಹೊರಗಿನಿಂದ ಎಷ್ಟು ಬಣ್ಣ ಬಳಿದರೂ ಆ ಸಂದಿಗೆ ಅದು ತಲುಪುವುದಿಲ್ಲ. ರಿವೆಟ್ ತೆಗೆದು, ಹಳಿಗಳನ್ನು ಬೇರ್ಪಡಿಸಿ, ಲೋಹದ ಹೊಳಪು ಕಾಣುವವರೆಗೆ ಶುಚಿ ಮಾಡಿ, ಬಣ್ಣ ಹಚ್ಚಿಯೇ ಮತ್ತೆ ಜೋಡಿಸಬೇಕು. ಉಬ್ಬರ ಇಳಿತಗಳ ನಡುವೆ, ಕೆಸರಿನ ಮೇಲೆ, ಗಾಳಿಯಲ್ಲಿ ನೇತಾಡುತ್ತ ಅದನ್ನು ಮಾಡಲಾಗುವುದಿಲ್ಲ. ಕುಸಿದ ಅಂಕಣಗಳ ಜಾಗವನ್ನು ತುಂಬಬೇಕಾಯಿತು, ಕೆಟ್ಟ ಭಾಗಗಳನ್ನು ಬದಲಿಸಬೇಕಾಯಿತು ಎಂಬುದು ನಿಜ. ಮೆದುಕಬ್ಬಿಣವನ್ನು ವ್ಯಾಪಾರಕ್ಕೆ ತಯಾರಿಸುವುದು ಬ್ರಿಟನ್ನಿನಲ್ಲಿ 1970ರ ದಶಕದಲ್ಲಿಯೇ ನಿಂತುಹೋಗಿದ್ದರಿಂದ ಹಳೆಯ ಹಳಿಯ ಒಂದೊಂದು ಗಜವೂ ಬೆಲೆಬಾಳುವಂತಹದ್ದು.

ಮೇಡಂ ಕೇಳಿದ ತುಕ್ಕಿನ ಗೆರೆಯ ಪ್ರಶ್ನೆಯನ್ನು ಮರೆತಿದ್ದೆ. ತುಕ್ಕಿಗೆ ನೀರೂ ಬೇಕು, ಗಾಳಿಯೂ ಬೇಕು. ಹೆಚ್ಚು ಹೊತ್ತು ಮುಳುಗಿರುವ ಬುಡಕ್ಕೆ ಗಾಳಿಯ ಪಾಲು ಕಡಿಮೆ. ಪಾಚಿ ಚಿಪ್ಪುಗಳ ಹೊದಿಕೆಯೂ ಸ್ವಲ್ಪ ಮಟ್ಟಿಗೆ ಅಡ್ಡ ನಿಲ್ಲುತ್ತದೆ. ಉಬ್ಬರದ ಗುರುತಿಗಿಂತ ತುಸು ಮೇಲೆ, ಅಲೆಯ ಸೀರ್ಪನಿ ಬಿದ್ದು ಒಣಗಿ, ಮತ್ತೆ ಬಿದ್ದು ಒಣಗಿ, ಪ್ರತಿ ಸಲವೂ ಉಪ್ಪು ಬಿಟ್ಟುಹೋಗುವ ಪಟ್ಟಿಯಿದೆಯಲ್ಲ, ಯಾವ ಸಮುದ್ರದಲ್ಲಿಯೂ ಕಬ್ಬಿಣ ಮೊದಲು ಸಾಯುವುದು ಅಲ್ಲಿಯೇ. ನಿಮ್ಮೂರಿನ ದಕ್ಕೆಯ ಕಬ್ಬಿಣದ ಏಣಿಗಳನ್ನು ಮುಂದಿನ ಸಲ ಹೋದಾಗ ಗಮನಿಸಿ.


ಗಂಗೊಳ್ಳಿ ಅಳಿವೆ (ಪ್ರಶ್ನೆ ಕೇಳಿದವರು):

ಎಲ್ಲರಿಗೂ ಧನ್ಯವಾದಗಳು. ನಿಮ್ಮ ಉತ್ತರಗಳನ್ನು ಓದಿಕೊಂಡು ನಿನ್ನೆ ಮೂರನೆಯ ಸಲ ಹೋಗಿ ಬಂದೆ. ದಡದಿಂದ ಅಂಕಣಗಳನ್ನು ಎಣಿಸುತ್ತ ನಡೆದೆ. ಏಳನೆಯದರ ಮೇಲೆ ನಿಂತು ನೋಡಿದರೆ ಕಾಲಡಿಯ ಹಲಗೆಗೂ ಆರನೆಯದರ ಹಲಗೆಗೂ ಯಾವ ವ್ಯತ್ಯಾಸವೂ ಕಾಣಲಿಲ್ಲ. ಸಂದಿನಿಂದ ಇಣುಕಿದರೆ ಬಹಳ ಕೆಳಗೆ ಕಂದುನೀರು ಕಂಬವನ್ನು ಎರಡೂ ಬದಿಯಿಂದ ಸವರಿಕೊಂಡು ವೇಗವಾಗಿ ಒಳಗೆ ಹೋಗುತ್ತಿತ್ತು. ಪಕ್ಕದ ಬೆಂಚಿನ ಹಿತ್ತಾಳೆ ಫಲಕದಲ್ಲಿ ಒಬ್ಬ ದಂಪತಿಯ ಹೆಸರು, ಮದುವೆಯ ಇಸವಿ. ಆಯವ್ಯಯದವರ ಪ್ರಶ್ನೆ ನನ್ನನ್ನೂ ಕಾಡುತ್ತದೆ, ಆದರೆ ಅಲ್ಲಿ ನಿಂತಾಗ ರೈಲುಹಳಿಯವರ ಮಾತೇ ಹೆಚ್ಚು ಸರಿಯೆನ್ನಿಸಿತು: ಕೈಗೆ ಸಿಕ್ಕಿದ ರಿವೆಟಿನ ತಲೆ ಯಾವ ಕಾಲದ್ದೇ ಇರಲಿ, ಅದರ ಅಡಿಯ ಹಳಿ ಬ್ರೂನೆಲ್ ಕಾಲದ ರೈಲನ್ನು ಹೊತ್ತದ್ದು.

ಅಲ್ಲಿಂದಲೇ ಅಮ್ಮನಿಗೆ ವಿಡಿಯೊ ಕರೆ ಮಾಡಿ, ಇದು ಇಲ್ಲಿನ ದಕ್ಕೆ, ನೂರೈವತ್ತು ವರ್ಷಕ್ಕೂ ಹಳೆಯದು ಎಂದು ತೋರಿಸಿದೆ. ಅವರು ಕಬ್ಬಿಣವನ್ನಾಗಲಿ ಮಂಟಪವನ್ನಾಗಲಿ ಹೆಚ್ಚು ಹೊತ್ತು ನೋಡಲಿಲ್ಲ. ಮಂಟಪದ ಪಕ್ಕದಲ್ಲಿ ಗಾಳ ಹಾಕಿ ಕುಳಿತಿದ್ದ ಮುದುಕರೊಬ್ಬರು ಚಿತ್ರದಲ್ಲಿ ಕಂಡೊಡನೆ, "ಮೀನ್ ಸಿಕ್ಕತ್ತಾ ಅಲ್ಲ್?" ಎಂದು ಕೇಳಿದರು. ಅವರ ಬಕೆಟಿನಲ್ಲಿ ಆ ಹೊತ್ತಿಗೆ ಏನೂ ಇರಲಿಲ್ಲ.